ತುಂಗಮ್ಮನ ಭುಜ, ರೇಣುಕಪ್ರಸಾದರ ಅರ್ತಿಂಗ್ ಗುಂಡಿ

ನಾನು ರೇಣುಕಪ್ರಸಾದರನ್ನು ಮೊದಲು ಕಂಡದ್ದು 2006ನೆಯ ಇಸವಿಯ ಸ್ವಾತಂತ್ರ್ಯ ದಿನದಂದು, ನನ್ನದೇ ಭಾಷಣದ ನಡುವೆ. ಆಗ ನಾನು ಜಾವಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಆ ಭಾಷಣವನ್ನು ಹನ್ನೊಂದು ದಿನ ಕುಳಿತು ಬರೆದು, ಬಾಯಿಪಾಠ ಮಾಡಿಕೊಂಡಿದ್ದೆ. ಮೂರನೆಯ ವಾಕ್ಯದ ಕ್ರಿಯಾಪದಕ್ಕೆ ಇನ್ನೇನು ಬರಬೇಕು, ಅಷ್ಟರಲ್ಲಿ ಮೈಕು ಸತ್ತಿತು. ತಿರುಗಿ ನೋಡಿದರೆ, ಕುಳ್ಳಗೆ ಗುಂಡಗಿದ್ದ ಮನುಷ್ಯನೊಬ್ಬ ವೇದಿಕೆಯ ಹಿಂದೆ ನಿಂತು, ಗೋಡೆಯಿಂದ ಕಿತ್ತ ಪ್ಲಗ್ಗನ್ನು ಹೊಡೆದ ಹಾವನ್ನು ತೋರಿಸುವವನಂತೆ ಎತ್ತಿ ಹಿಡಿದಿದ್ದ.

“ಯಾರ್ರೀ ನೀವು?” ಎಂದೆ.

“ಅದು ಆಮೇಲೆ ಹೇಳ್ತೀನಿ. ಮೊದಲು ಚಪ್ಪಲಿ ಹಾಕ್ಕೊಳ್ಳಿ ಮೇಷ್ಟ್ರೇ. ನೆಲ ಒದ್ದೆ, ನೀವು ಬರಿಗಾಲು, ಮೈಕಿನ ಕಂಬ ಕಬ್ಬಿಣದ್ದು. ಈ ಬಾಡಿಗೆ ಸೆಟ್ಟಿನ ಪ್ಲಗ್ಗಿಗೆ ಮೂರನೇ ಕಾಲೇ ಇಲ್ಲ. ನಿಮಗೆ ಎಂತಾದ್ರೂ ಆದ್ರೆ ಮಕ್ಕಳಿಗೆ ನಾಳೆನೂ ರಜೆ ಕೊಡ್ಬೇಕಾಗ್ತದೆ.”

ಮಕ್ಕಳು ಚಪ್ಪಾಳೆ ತಟ್ಟಿದರು. ಆ ದಿನ ನನ್ನ ಭಾಷಣಕ್ಕೆ ಬಿದ್ದ ಚಪ್ಪಾಳೆ ಅದೊಂದೇ.

ಮುಂದಿನ ಶನಿವಾರ ಆತ ಗುದ್ದಲಿ ಹಿಡಿದು ಶಾಲೆಯ ಅಂಗಳಕ್ಕೆ ಬಂದರು. ಯಾರೂ ಕರೆದಿರಲಿಲ್ಲ. ಹಿತ್ತಿಲಿನ ಮೂಲೆಯಲ್ಲಿ ಆಳವಾದ ಗುಂಡಿ ತೋಡಿ, ಕಬ್ಬಿಣದ ಪೈಪೊಂದನ್ನು ನೆಟ್ಟಗೆ ನಿಲ್ಲಿಸಿ, ಅದರ ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು, ಹೀಗೆ ತುಂಬಿದರು. ಕಟ್ಟಡದ ವೈರಿಂಗಿನಿಂದ ಒಂದು ತಂತಿಯನ್ನು ಎಳೆದು ತಂದು ಪೈಪಿಗೆ ಬಿಗಿದರು. ಯಂತ್ರದ ಮೈಗೆ ಕರೆಂಟು ಸೋರಿದರೆ ಅದು ಮನುಷ್ಯನ ಮೈಯನ್ನು ಹುಡುಕಿಕೊಂಡು ಬಾರದೆ ಸೀದಾ ನೆಲಕ್ಕೆ ಇಳಿದುಹೋಗುವ ದಾರಿ ಇದು ಎಂದು ನನಗೆ ಪಾಠ ಮಾಡಿದರು. ಇದಕ್ಕೆ ಅರ್ತಿಂಗ್ ಎನ್ನುತ್ತಾರೆ.

“ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಹಾಕ್ಬೇಕು. ಉಪ್ಪು ನೆನೆದಿದ್ರೆ ಮಾತ್ರ ಕರೆಂಟು ಹರೀತದೆ. ಒಣಗಿದ್ರೆ ಇದು ಬರೀ ಗುಂಡಿ. ಯಾರಿಗೆ ಒಪ್ಪಿಸ್ಲಿ?”

ಅಲ್ಲಿ ನಿಂತಿದ್ದವನು ನಾನೊಬ್ಬನೇ. ಹನ್ನೊಂದು ವರ್ಷ, ನಿವೃತ್ತನಾಗುವ ತನಕ, ನಾನು ಆ ಗುಂಡಿಗೆ ನೀರು ಹೊಯ್ದೆ. ಮರೆತ ವಾರವೆಲ್ಲ ಅವರಿಗೆ ಹೇಗೋ ತಿಳಿಯುತ್ತಿತ್ತು.

ರೇಣುಕಪ್ರಸಾದರು ಕುದುರೆಮುಖದ ಅದಿರು ಕಂಪನಿಯಲ್ಲಿ ಇಪ್ಪತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು. ಗಣಿ ನಿಂತ ಮೇಲೆ ಕೊಟ್ಟಿಗೆಹಾರಕ್ಕೆ ಬಂದು, ಫಜಲುಲ್ಲಾ ಅವರ ಗ್ಯಾರೇಜಿಗೆ ಅಂಟಿಕೊಂಡ ಮಳಿಗೆಯಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟರು. ಟೌನ್‌ಶಿಪ್ಪಿನಿಂದ ಅವರು ತಂದದ್ದು ಎರಡೇ ಸಾಮಾನು, ಹೆಂಡತಿ ತುಂಗಮ್ಮ ಮತ್ತು ಗುಜರಿಯಲ್ಲಿ ಸಿಕ್ಕ ಅರ್ತ್ ಟೆಸ್ಟರ್ ಎಂದು ಫಜಲುಲ್ಲಾ ಹಾಸ್ಯ ಮಾಡುವುದುಂಟು. ಆ ಟೆಸ್ಟರ್ ಮರದ ಪೆಟ್ಟಿಗೆಯಲ್ಲಿರುವ, ಹಿಡಿಕೆ ತಿರುಗಿಸುವ ಯಂತ್ರ. ಎರಡು ಕಬ್ಬಿಣದ ಮೊಳೆಗಳನ್ನು ನೆಲಕ್ಕೆ ಹೊಡೆದು ಹಿಡಿಕೆ ತಿರುಗಿಸಿದರೆ, ಭೂಮಿ ಕರೆಂಟನ್ನು ಎಷ್ಟು ಸುಲಭವಾಗಿ ನುಂಗುತ್ತದೆ ಎಂಬುದನ್ನು ಮುಳ್ಳು ತೋರಿಸುತ್ತದೆ. ಅದರ ಲೆಕ್ಕ ಓಮ್‌ನಲ್ಲಿ. ಓಮ್ ಕಡಿಮೆಯಾದಷ್ಟೂ ಒಳ್ಳೆಯದು.

ಆ ಪೆಟ್ಟಿಗೆಯ ದೆಸೆಯಿಂದ ನಾವು ಪಟ್ಟ ಪಾಡು ಒಂದೆರಡಲ್ಲ. ಮದುವೆ ಮನೆಗೆ ಕರೆದರೆ ಊಟಕ್ಕೆ ಮುಂಚೆ ಜನರೇಟರ್ ನೋಡುತ್ತಿದ್ದರು. ಬ್ಯಾಂಕಿಗೆ ಹೋದರೆ ಮ್ಯಾನೇಜರ ಕುರ್ಚಿಯ ಹಿಂದಿನ ಪ್ಲಗ್ಗಿನ ತೂತಿಗೆ ಜೇಬಿನ ಸಣ್ಣ ಟೆಸ್ಟರ್ ಚುಚ್ಚುತ್ತಿದ್ದರು. ನನ್ನ ಮನೆಯ ಗೃಹಪ್ರವೇಶದ ದಿನ ಪುರೋಹಿತರನ್ನು ಅರ್ಧ ಗಂಟೆ ಅಂಗಳದಲ್ಲಿ ನಿಲ್ಲಿಸಿದ್ದರು. ಹೇಳಿದರೆ ಕೇಳುವವರಲ್ಲ, ಜಗಳವಾಡಿದರೆ ಕೋಪ ಮಾಡಿಕೊಳ್ಳುವವರೂ ಅಲ್ಲ. ಕೋಪ ಮಾಡಿಕೊಳ್ಳದ ಹಟಮಾರಿಯೊಂದಿಗೆ ಏಗುವುದು ಎಷ್ಟು ಕಷ್ಟವೆಂಬುದು ಏಗಿದವರಿಗೇ ಗೊತ್ತು.

ಅಂಗಡಿಯ ನಿಜವಾದ ಕಸುಬು ಇದ್ದದ್ದು ತುಂಗಮ್ಮನ ಕೈಯಲ್ಲಿ. ಸುಟ್ಟ ಮೋಟಾರನ್ನು ಬಿಚ್ಚುವುದು, ಜೋಡಿಸುವುದು ಗಂಡ. ಅದರ ಹೊಟ್ಟೆಯೊಳಗಿನ ತಾಮ್ರದ ತಂತಿಯನ್ನು ಹೊಸದಾಗಿ ಸುತ್ತುವುದು ಹೆಂಡತಿ. ಕಾಫಿ ಹೂ ಅರಳಿಸುವ ಹೂಮಳೆ ತಡವಾದ ವರ್ಷ ಎಸ್ಟೇಟುಗಳ ಸ್ಪ್ರಿಂಕ್ಲರ್ ಪಂಪುಗಳು ಹಗಲೂ ರಾತ್ರಿ ಓಡಿ ಸುಟ್ಟು, ಜೀಪಿನ ಮೇಲೆ ಜೀಪು ಅಂಗಡಿ ಮುಂದೆ ಬಂದು ನಿಲ್ಲುತ್ತಿದ್ದವು. ತುಂಗಮ್ಮ ಗೋಡೆಗೆ ಬಿಗಿದ ಚಕ್ರವನ್ನು ಬಲಗೈಯಲ್ಲಿ ತಿರುಗಿಸುತ್ತ, ಎಡಗೈ ಬೆರಳ ಸಂದಿಯಲ್ಲಿ ತಂತಿ ಹರಿಯಬಿಡುತ್ತ, ಅಕ್ಕಪಕ್ಕದವರೊಡನೆ ಹರಟುತ್ತ ಸುತ್ತುತ್ತಿದ್ದರು. ಎಣಿಸುವ ಮೀಟರು ಇಲ್ಲದೆಯೂ ಸುತ್ತು ತಪ್ಪುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಆ ಬಲಭುಜ ಹಿಡಿದುಕೊಂಡಿತು. ಮೊದಲು ಚಕ್ರದ ಮೇಲಣ ತಿರುವಿಗೆ ಕೈ ಹೋಗದಾಯಿತು. ಆಮೇಲೆ ತುರುಬು ಕಟ್ಟಲು ಆಗಲಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಹೆಚ್ಚಂತೆ. ಕೀಲಿನ ಸುತ್ತಲ ಚೀಲ ದಪ್ಪಗಾಗಿ, ಕುಗ್ಗಿ, ಕೈಯನ್ನು ಒಳಗಿನಿಂದಲೇ ಕಟ್ಟಿಹಾಕುತ್ತದೆ. ವ್ಯಾಯಾಮ ಮಾಡಿಸಿದರು, ಎರಡು ಇಂಜೆಕ್ಷನ್ ಕೊಡಿಸಿದರು. ಹನ್ನೊಂದು ತಿಂಗಳಾದರೂ ಕೈ ಭುಜದ ಮಟ್ಟಕ್ಕಿಂತ ಮೇಲೇಳಲಿಲ್ಲ. ಹಬ್ಬಕ್ಕೆಂದು ನಮ್ಮ ಮನೆಗೆ ಬಂದಾಗ ನನ್ನ ಹೆಂಡತಿ ವಿಶಾಲಾಕ್ಷಮ್ಮನೇ ಅವರ ತಲೆ ಬಾಚಿದಳು. ತುಂಗಮ್ಮ ಕನ್ನಡಿ ನೋಡಲಿಲ್ಲ.

“ಊಟ ಎಡಗೈಲಿ ಕಲ್ತೆ ಮೇಷ್ಟ್ರೇ, ಸ್ನಾನನೂ ಕಲ್ತೆ. ಸುತ್ತೋದು ಎಡಗೈಗೆ ಬರಲ್ಲ. ನಾಳೆ ಇವ್ರು ನನ್ನ ಚಕ್ರ ಗುಜರಿಗೆ ಹಾಕ್ತಾರೆ ನೋಡ್ತಿರಿ” ಎಂದರು.

ಚಿಕ್ಕಮಗಳೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನಿಖಿತಾ ಎಂಬ ಮೂಳೆ ವೈದ್ಯೆ ಇದ್ದರು, ಮೂಡಿಗೆರೆ ಕಡೆಯ ಬೆಳೆಗಾರರ ಮನೆಯ ಹೆಣ್ಣುಮಗಳು. ಅವರು ಪರೀಕ್ಷಿಸಿ, ಭುಜಕ್ಕೆ ಪೆನ್ನಿನ ತುದಿಯಷ್ಟು ಎರಡು ಮೂರು ತೂತು ಮಾಡಿ, ಒಂದರಿಂದ ಕ್ಯಾಮರಾ ಬಿಟ್ಟು, ಇನ್ನೊಂದರಿಂದ ಕಡ್ಡಿಯಂಥ ಸಾಧನವನ್ನು ಒಳಗೆ ಇಳಿಸಿ, ಗಟ್ಟಿಯಾದ ಚೀಲವನ್ನು ಬಿಡಿಸುತ್ತೇವೆ ಎಂದರು. ಅಲ್ಲಿಯ ತನಕ ರೇಣುಕಪ್ರಸಾದರು ತಲೆಯಾಡಿಸುತ್ತ ಕೇಳುತ್ತಿದ್ದರು.

“ಕಡ್ಡಿ ಅಂದ್ರೆ ಚಾಕು ತರದ್ದಾ ಮೇಡಂ?”

“ಅಲ್ಲ, ಕರೆಂಟಿಂದ ಕೆಲಸ ಮಾಡೋದು. ರೇಡಿಯೋ ಫ್ರೀಕ್ವೆನ್ಸಿ ಅಂತಾರೆ. ರಕ್ತ ಸೋರೋದು ಕಡಿಮೆ.”

“ಒಳಗೆ ಒಣಗಿರ್ತದಾ?”

“ಇಲ್ಲ, ಕೀಲಿನೊಳಗೆ ಪೂರ್ತಿ ಉಪ್ಪುನೀರು ತುಂಬಿಸ್ತೀವಿ. ಸಲೈನ್.”

ನಾನು ಪಕ್ಕದಲ್ಲೇ ಇದ್ದೆ. ರೇಣುಕಪ್ರಸಾದರ ಮುಖ ಸುಣ್ಣದಂತಾಯಿತು. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬೇಡಿ ಎಂದು ಜೀವಮಾನವೆಲ್ಲ ಊರೂರಿಗೆ ಹೇಳಿಕೊಂಡು ಬಂದ ಮನುಷ್ಯ. ಕರೆಂಟಿಗೆ ಉಪ್ಪುನೀರೆಂದರೆ ಹೆದ್ದಾರಿ ಎಂದು ನೂರಾರು ಗುಂಡಿ ತೋಡಿ ತಿಳಿದ ಮನುಷ್ಯ. ಅಂಥವರ ಮುಂದೆ ಈ ವೈದ್ಯೆ, ನಿಮ್ಮ ಹೆಂಡತಿಯ ಭುಜಕ್ಕೆ ಉಪ್ಪುನೀರು ತುಂಬಿ ಕರೆಂಟು ಬಿಡುತ್ತೇನೆ ಎನ್ನುತ್ತಿದ್ದರು.

“ಏಳು ತುಂಗ, ಹೋಗಣ” ಎಂದರು.

ಅಲ್ಲಿಂದ ಶುರುವಾಯಿತು. ಒಂದು ತಿಂಗಳು ಕೊಟ್ಟಿಗೆಹಾರದಲ್ಲಿ ಬೇರೆ ಮಾತಿಲ್ಲ. ನಾನು ದಿನ ಬಿಟ್ಟು ದಿನ ಹೋಗಿ ಕುಳಿತು ವಾದಿಸಿದೆ. ಅವರು ಕಾಗದದ ಮೇಲೆ ಮನುಷ್ಯನ ಚಿತ್ರ ಬರೆದು, ಭುಜದಿಂದ ಹೃದಯಕ್ಕೆ ಬಾಣ ಎಳೆದು ತೋರಿಸಿದರು. ನಾನು ಲಕ್ಷಾಂತರ ಜನ ಮಾಡಿಸಿಕೊಂಡಿದ್ದಾರೆ ಎಂದೆ. ಅವರಿಗೆಲ್ಲ ಅರ್ತ್ ಸರಿ ಇತ್ತೋ ಇಲ್ಲವೋ ನೋಡಿದವರು ಯಾರು ಎಂದರು.

ಫಜಲುಲ್ಲಾ ಗ್ಯಾರೇಜಿನಿಂದಲೇ ಕೂಗುತ್ತಿದ್ದರು: “ಪ್ರಸಾದಣ್ಣ, ನನ್ನ ಅಣ್ಣನ ಮೊಣಕಾಲಿಗೆ ಮಂಗ್ಳೂರಲ್ಲಿ ಅದೇ ಮಾಡಿದ್ದು ಮಾರಾಯ! ಈಗ ನಮಾಜಿಗೆ ನೆಟ್ಟಗೆ ಕೂರ್ತಾನೆ. ಅವನ ಮೈಮೇಲೆ ಒಂದು ಬಲ್ಬೂ ಹತ್ತಲಿಲ್ಲ.”

“ನಿನ್ನ ಅಣ್ಣ ರಬ್ಬರ್ ಮನುಷ್ಯ. ತುಂಗಂದು ಹಾಗಲ್ಲ.”

“ನಾನು ಇಲ್ಲೇ ಕೂತಿದ್ದೀನಿ,” ಎಂದರು ತುಂಗಮ್ಮ, ಮೋಟಾರಿನ ಮೇಲೆ ಕುಳಿತು. “ನನ್ನ ಭುಜದ ಮಾತು ನನ್ನನ್ನೂ ಸ್ವಲ್ಪ ಕೇಳಿ.”

ಯಾರೂ ಕೇಳಲಿಲ್ಲ. ಇಂದು ನೆನೆದರೆ ನಾಚಿಕೆಯಾಗುತ್ತದೆ. ನಾನೂ ಕೇಳಲಿಲ್ಲ, ವಾದದಲ್ಲಿ ಗೆಲ್ಲುವುದರಲ್ಲೇ ಇದ್ದೆ.

ಕಡೆಗೆ ತುಂಗಮ್ಮನೇ ವೈದ್ಯೆಗೆ ಫೋನ್ ಮಾಡಿದರು. ನರ್ಸುಗಳಿಗೆ ತರಬೇತಿ ಕೊಡಲು ಅವಧಿ ಮುಗಿದ ಒಂದು ಕಡ್ಡಿ ಇಟ್ಟಿದ್ದೇವೆ, ಶುಕ್ರವಾರ ಮಧ್ಯಾಹ್ನ ಬಂದರೆ ನಿಮ್ಮವರಿಗೂ ತೋರಿಸುತ್ತೇನೆ ಎಂದರಂತೆ ಆಕೆ. ಫಜಲುಲ್ಲಾ ಅವರ ಓಮ್ನಿಯಲ್ಲಿ ನಾಲ್ವರೂ ಹೋದೆವು.

ಒಂದು ಪಕ್ಕದ ಕೋಣೆಯಲ್ಲಿ ಮೇಜಿನ ಮೇಲೆ ಮನೆಯ ಸ್ಟೆಬಿಲೈಜರಿನಷ್ಟು ದೊಡ್ಡ ಪೆಟ್ಟಿಗೆ. ಅದರಿಂದ ಹೊರಟ ತಂತಿಯ ತುದಿಯಲ್ಲಿ ಉದ್ದನೆಯ ತೆಳು ಕಡ್ಡಿ, ತುದಿ ತುಸು ಬಾಗಿತ್ತು. ನೆಲದ ಮೇಲೆ ಎರಡು ಬಣ್ಣದ ಪೆಡಲು, ಒಂದು ಕತ್ತರಿಸಲು, ಇನ್ನೊಂದು ರಕ್ತ ನಿಲ್ಲಿಸಲು. ವೈದ್ಯೆ ಗಾಜಿನ ಬಟ್ಟಲಿಗೆ ಬರಿಯ ನೀರು ಹಾಕಿ ಕಡ್ಡಿ ಮುಳುಗಿಸಿ ಪೆಡಲು ಒತ್ತಿದರು. ಏನೂ ಆಗಲಿಲ್ಲ. ನೀರು ಚೆಲ್ಲಿ ಸಲೈನ್ ಹಾಕಿದರು.

“ಯಾರೂ ಬಟ್ಟಲಿಗೆ ಬೆರಳು ಹಾಕ್ಬೇಡಿ” ಎಂದು ಹೇಳಿ ಮತ್ತೆ ಒತ್ತಿದರು.

ಸುಂಯ್ ಎಂದಿತು. ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ಜಾಗದಲ್ಲಿ, ನೀರಿನೊಳಗೇ, ಹಳದಿ ಕೆಂಪಿನ ಬೆಳಕು ಮೂಡಿತು. ಅದರ ಸುತ್ತ ಸಣ್ಣ ಗುಳ್ಳೆಗಳು.

“ಉಪ್ಪಿದ್ರೆ ಮಾತ್ರ ಕೆಲಸ ಮಾಡೋದು. ತುದಿಯಲ್ಲಿ ಕೂದಲೆಳೆ ದಪ್ಪದ ಆವಿ ಪದರ ಆಗ್ತದೆ. ಆ ಪದರ ಮುಟ್ಟಿದ ಚೀಲದ ಭಾಗ ಮಾತ್ರ ಕರಗಿ ಬಿಡಿಸ್ಕೊಳ್ತದೆ. ಹೋಗೋ ದಾರಿ, ಬರೋ ದಾರಿ ಎರಡೂ ಈ ತುದೀಲೇ ಇದೆ. ಕರೆಂಟು ಮೈಯೆಲ್ಲ ಸುತ್ತಲ್ಲ. ಸೆಕೆಂಡಿಗೆ ಲಕ್ಷ ಸಲ ಹಿಂದೆ ಮುಂದೆ ಆಡೋದ್ರಿಂದ ನರಕ್ಕೆ ಶಾಕ್ ಹೊಡೆಯಲ್ಲ.”

ರೇಣುಕಪ್ರಸಾದರು ಬಗ್ಗಿ, ಕನ್ನಡಕವನ್ನು ಹಣೆಗೇರಿಸಿ, ಆ ಬೆಳಕನ್ನೇ ನೋಡುತ್ತಿದ್ದರು.

“ಸೋಡಿಯಂ” ಎಂದರು ಮೆಲ್ಲಗೆ. “ನೋಡಿದ್ಯಾ ತುಂಗ? ನಮ್ಮ ಟೌನ್‌ಶಿಪ್ ಬೀದಿದೀಪದ ಬಣ್ಣ. ಅದೇ ಸೋಡಿಯಂ.”

ಕುದುರೆಮುಖದ ಬೀದಿದೀಪಗಳನ್ನು ನೋಡಿಕೊಳ್ಳುತ್ತಿದ್ದವರು ಅವರೇ. ಮಂಜು ಇಳಿದ ಸಂಜೆ ಆ ದೀಪಗಳು ಹತ್ತಿದರೆ ಇಡೀ ಬೀದಿ ಹಣ್ಣು ಕಿತ್ತಳೆಯಂತೆ ಕಾಣುತ್ತಿತ್ತೆಂದು ತುಂಗಮ್ಮ ನನಗೆ ಎಷ್ಟೋ ಸಲ ಹೇಳಿದ್ದರು. ಆ ಕಂಬಗಳು ಈಗ ಹತ್ತುವುದಿಲ್ಲ. ಗಂಡಹೆಂಡಿರಿಬ್ಬರೂ ಬಟ್ಟಲಿನ ಮೇಲೆ ಬಗ್ಗಿ ನಿಂತಿದ್ದನ್ನು ಕಂಡು, ಸರಿ, ಕೆಲಸವಾಯಿತು ಎಂದು ನಾನು ನಿಟ್ಟುಸಿರು ಬಿಟ್ಟೆ. ನನ್ನ ಬುದ್ಧಿಗಿಷ್ಟು!

ಅವರು ಜೇಬಿನಿಂದ ಮೋಟಾರಿನ ಬಿಸಿ ಅಳೆಯುವ ಥರ್ಮಾಮೀಟರ್ ತೆಗೆದು, ಪೆಡಲು ಬಿಟ್ಟ ಕೂಡಲೇ ಬಟ್ಟಲಿಗೆ ಅದ್ದಿದರು.

“ಇಪ್ಪತ್ತಾರು ಇದ್ದಿದ್ದು ಮೂವತ್ತೊಂಬತ್ತು ಆಗಿದೆ ಮೇಡಂ. ಇನ್ನೊಂದು ನಿಮಿಷ ಒತ್ತಿದ್ರೆ?”

“ಇನ್ನೂ ಬಿಸಿ ಆಗ್ತದೆ. ಅದಕ್ಕೇ ಒಳಗೆ ನೀರು ನಿಲ್ಲೋಕೆ ಬಿಡಲ್ಲ. ಪಂಪು ಒಂದು ಕಡೆಯಿಂದ ತಂಪು ನೀರು ಕಳಿಸ್ತಿರ್ತದೆ, ಇನ್ನೊಂದು ಕಡೆಯಿಂದ ಬಿಸಿ ನೀರು ಹೊರಗೆ ಬರ್ತಿರ್ತದೆ. ನಾನೂ ಸ್ವಲ್ಪ ಒತ್ತಿ, ಬಿಟ್ಟು, ಮತ್ತೆ ಒತ್ತೋದು.”

“ಪಂಪು ನಿಂತ್ರೆ?”

“ಪೆಡಲಿಂದ ಕಾಲು ತೆಗೀತೀನಿ.”

“ಕರೆಂಟು ಹೋದ್ರೆ?”

“ಆಗ ಎರಡೂ ನಿಲ್ತದೆ ಸರ್!”

“ಟೀ ಮಾಡಿ ಮೇಡಂ ಅದ್ರಲ್ಲೇ. ಇದು ಸಂಜೆ ತನಕ ಮುಗಿಯಲ್ಲ” ಎಂದರು ಫಜಲುಲ್ಲಾ.

“ಆಯ್ತು, ಕಡ್ಡಿ ಒಪ್ಪಿದೆ,” ಎಂದರು ರೇಣುಕಪ್ರಸಾದರು. “ಅದರ ದಾರಿ ಅದಕ್ಕೇ ಇದೆ. ಆದ್ರೆ ಪಂಪು, ಕ್ಯಾಮರಾ, ಟಿವಿ, ಪ್ರಜ್ಞೆ ತಪ್ಪಿಸೋ ಮಿಷನ್ನು, ಅವಕ್ಕೆಲ್ಲ ಅರ್ತ್ ಬೇಕು ತಾನೆ? ಕಟ್ಟಡದ ಅರ್ತಿಂಗ್ ಗುಂಡಿ ಎಲ್ಲಿದೆ?”

ವೈದ್ಯೆಗೆ ಗೊತ್ತಿರಲಿಲ್ಲ. ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಗಿರಿ ರಜೆಯಲ್ಲಿದ್ದ. ಎಲ್ಲ ಸರಿಯಿದೆ ಎಂದು ಆತ ಸಹಿ ಮಾಡಿದ ಹಾಳೆ ಗೋಡೆಯ ಮೇಲಿತ್ತು. ರೇಣುಕಪ್ರಸಾದರು ಅದನ್ನು ಓದಿ, ಹಾಳೆಗೆ ಅರ್ತ್ ಇಲ್ಲ ಎಂದರು.

ವಾಪಸು ಬರುವಾಗ ಓಮ್ನಿ ಮೂಡಿಗೆರೆ ದಾಟಿದ ಮೇಲೆ ತುಂಗಮ್ಮ ಬಾಯಿ ತೆರೆದರು.

“ಮೇಷ್ಟ್ರೇ, ಮುಂದಿನ ಬುಧವಾರ ಆಪರೇಶನ್. ಸಹಿ ನಾನೇ ಹಾಕಿದ್ದೀನಿ. ನನ್ನ ಜೊತೆಗೆ ನೀವು, ವಿಶಾಲಾಕ್ಷಮ್ಮ, ಫಜಲಣ್ಣ ಬಂದ್ರೆ ಸಾಕು. ಇವ್ರು ಅಂಗಡಿ ನೋಡ್ಕೊಳ್ಳಿ.”

ರೇಣುಕಪ್ರಸಾದರು ಕಿಟಕಿಯಿಂದ ಹೊರಗೆ ನೋಡಿದರು. ಆಗಲಿ ಎಂದರು. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನಾನು ಅನುಮಾನ ಪಡಬೇಕಿತ್ತು.

ಬುಧವಾರ ಬೆಳಿಗ್ಗೆ ಎಂಟು ಗಂಟೆ. ತುಂಗಮ್ಮ ಹಿಂದಿನ ಸಂಜೆಯೇ ದಾಖಲಾಗಿದ್ದರು. ಹೊಟ್ಟೆಗೇನೂ ಇಲ್ಲ, ಹಸಿರು ಅಂಗಿ ತೊಡಿಸಿದ್ದರು. ಒಂಬತ್ತಕ್ಕೆ ಒಳಗೆ ಕರೆದುಕೊಂಡು ಹೋಗುವವರಿದ್ದರು. ನಾನು ಕಾಫಿ ಕುಡಿಯೋಣವೆಂದು ಕೆಳಗಿಳಿದರೆ, ಆಸ್ಪತ್ರೆಯ ಹಿಂದೆ, ಜನರೇಟರ್ ಕೋಣೆಯ ಪಕ್ಕ, ಆ ಮರದ ಪೆಟ್ಟಿಗೆ! ಮೊದಲ ಬಸ್ಸಿಗೆ ಬಂದಿದ್ದರು. ಗಿರಿಯನ್ನೂ ಹಿಡಿದುಕೊಂಡಿದ್ದರು. ಆತ ದಾಸವಾಳದ ಕುಂಡವೊಂದನ್ನು ಪಕ್ಕಕ್ಕೆ ಸರಿಸುತ್ತಿದ್ದ. ಅರ್ತಿಂಗ್ ಗುಂಡಿಯ ಮುಚ್ಚಳ ಅದರ ಅಡಿಯಲ್ಲಿತ್ತು.

ಮುಚ್ಚಳ ತೆಗೆದರು. ಒಳಗೆ ಬಿಳಿ ಧೂಳು, ಇರುವೆಗಳು. ರೇಣುಕಪ್ರಸಾದರು ಒಂದು ಚಿಟಿಕೆ ಎತ್ತಿ ಬೆರಳಲ್ಲಿ ಉಜ್ಜಿದರು.

“ಕಡೇ ಸಲ ನೀರು ಹಾಕಿದ್ದು ಯಾವಾಗ ಗಿರಿ?”

“ನೀರಾ? ಮಲೆನಾಡಲ್ಲಿ ಭೂಮಿಗೆ ಯಾರು ಸಾರ್ ನೀರು ಹಾಕ್ತಾರೆ? ಮಳೆ ಹೊಯ್ಯಲ್ವ?”

“ಮೇಲೆ ನೋಡು ಮಾರಾಯ.”

ನಾವಿಬ್ಬರೂ ಮೇಲೆ ನೋಡಿದೆವು. ಜನರೇಟರ್ ಕೋಣೆಗೆ ಅಗಲವಾದ ತಗಡಿನ ಸಜ್ಜಾ ಹೊಡೆದಿದ್ದರು. ಗುಂಡಿ ಅದರ ನಡುಮಧ್ಯದ ಅಡಿಯಲ್ಲಿತ್ತು. ಸುತ್ತ ಎಷ್ಟು ಮಳೆ ಸುರಿದರೂ ಆ ಒಂದು ಜಾಗಕ್ಕೆ ಹನಿ ಬೀಳುವಂತಿರಲಿಲ್ಲ. ಮಳೆನಾಡಿನವರಾದ ನಮಗೆ ನೆಲ ಒಣಗಿರಬಹುದೆಂಬ ಯೋಚನೆಯೇ ಬರುವುದಿಲ್ಲ. ಹಿಡಿಕೆ ತಿರುಗಿಸಿದರು. ಮುಳ್ಳು ನಲವತ್ತೊಂದರಲ್ಲಿ ನಿಂತಿತು.

“ಐದರ ಒಳಗೆ ಇರ್ಬೇಕು” ಎಂದರು ನನ್ನ ಕಡೆ ತಿರುಗಿ. ಗೆದ್ದ ಮುಖವಲ್ಲ ಅದು. ಹೆದರಿದ ಮುಖ.

ಸುದ್ದಿ ಮೇಲೆ ಹೋಯಿತು. ಡಾಕ್ಟರ್ ನಿಖಿತಾ ಕೈಗವಸು ಹಾಕುತ್ತಿದ್ದವರು ಕಳಚಿ ಕೆಳಗಿಳಿದು ಬಂದರು. ಮುಳ್ಳು ನೋಡಿದರು, ಗಿರಿಯನ್ನು ನೋಡಿದರು.

“ನನ್ನ ಕಡ್ಡಿಗೂ ಇದಕ್ಕೂ ಸಂಬಂಧ ಇಲ್ಲ. ಆದ್ರೆ ಅರ್ತ್ ಇಲ್ಲ ಅಂತ ಗೊತ್ತಾದ್ಮೇಲೆ ನಾನು ಯಾರನ್ನೂ ಟೇಬಲ್ ಮೇಲೆ ಮಲಗಿಸಲ್ಲ. ಇವತ್ತಿನದೆಲ್ಲ ಮುಂದಕ್ಕೆ ಹಾಕಿ.”

ಅಷ್ಟು ಹೊತ್ತಿಗೆ ಮೆಟ್ಟಿಲ ಮೇಲೆ ತುಂಗಮ್ಮ. ಹಸಿರು ಅಂಗಿ, ಬಿಚ್ಚಿದ ತಲೆಗೂದಲು, ಬಲಗೈ ಎದೆಗೆ ಅಂಟಿತ್ತು. ಹಿಂದೆ ವಿಶಾಲಾಕ್ಷಮ್ಮ ಶಾಲು ಹಿಡಿದು ಓಡಿ ಬರುತ್ತಿದ್ದಳು. ನಲವತ್ತು ವರ್ಷ ಮಕ್ಕಳ ಗದ್ದಲದಲ್ಲಿ ಬದುಕಿದ ನಾನು, ಒಬ್ಬರು ದನಿ ಎತ್ತದೆ ಮಾತಾಡಿದಾಗ ಇಡೀ ಅಂಗಳ ಸುಮ್ಮನಾದದ್ದನ್ನು ಅಂದೇ ಕಂಡದ್ದು.

“ಹನ್ನೆರಡು ತಿಂಗಳಾಯ್ತು ರೀ. ಊರಿನ ಭೂಮಿ ಎಲ್ಲ ಅಳೆದ್ರಿ. ನನ್ನ ಕೈ ಎಷ್ಟು ಏಳ್ತದೆ ಅಂತ ಒಂದಿನ ಅಳೆದ್ರಾ?”

ರೇಣುಕಪ್ರಸಾದರ ಕೈಯಲ್ಲಿದ್ದ ಹಿಡಿಕೆ ನಿಂತಿತು.

“ತುಂಗ, ಗುಂಡಿ ಒಣಗಿದೆ...”

“ಒಣಗಿದ್ರೆ ನೀರು ಹಾಕಿ! ನೀರು ಹಾಕಿದ್ರೆ ಸರಿ ಆಗ್ತದಾ ಇಲ್ವಾ?”

“ಆಗ್ತದೆ.”

“ಎಷ್ಟು ಹೊತ್ತು?”

“ಮೂರು ಗಂಟೆ. ಉಪ್ಪು ನೆನೀಬೇಕು.”

“ಮೂರು ಗಂಟೆ. ನಾನು ಈ ಅಂಗಿ ಬಿಚ್ಚಲ್ಲ, ಊಟ ಮಾಡಲ್ಲ, ಇಲ್ಲಿಂದ ಏಳಲ್ಲ. ಡಾಕ್ಟ್ರಮ್ಮ, ನೀವೂ ಎಲ್ಲೂ ಹೋಗ್ಬೇಡಿ.” ಹಾಗೆಂದು ಮೆಟ್ಟಿಲ ಮೇಲೆ ಕುಳಿತರು.

ವೈದ್ಯೆ ಗಡಿಯಾರ ನೋಡಿ, “ಅದು ಐದಕ್ಕೆ ಇಳಿದು, ಹೊರಗಿನ ಇಂಜಿನಿಯರ್ ಒಬ್ಬರು ಬಂದು ನೋಡಿ ಹೂಂ ಅಂದ್ರೆ ಎರಡು ಗಂಟೆಗೆ ಮಾಡೋಣ” ಎಂದರು.

ಆಮೇಲಿನದು ನನ್ನ ವಯಸ್ಸಿನವನು ಮಾಡುವ ಕೆಲಸವಲ್ಲ. ಕ್ಯಾಂಟೀನಿನಿಂದ ಕಲ್ಲುಪ್ಪಿನ ಚೀಲ ಬಂತು. ಫಜಲುಲ್ಲಾ, ಗಿರಿ, ನಾನು ಬಕೆಟ್ಟು ಹೊತ್ತೆವು. ರೇಣುಕಪ್ರಸಾದರು ಮಂಡಿಯೂರಿ ಕುಳಿತು, ಉಪ್ಪನ್ನು ಕದಡಿ, ಪೈಪಿನ ಬಾಯಿಗೆ ಸ್ವಲ್ಪಸ್ವಲ್ಪವೇ ಹೊಯ್ಯುತ್ತಿದ್ದರು. ಒಂದೇ ಸಲ ಸುರಿದರೆ ನೀರು ಪಕ್ಕಕ್ಕೆ ಹರಿದುಹೋಗುತ್ತದಂತೆ. ನನ್ನ ಪಂಚೆ ನೆನೆಯಿತು. ಸೊಂಟ ಹಿಡಿಯಿತು. ಭಾಷಣ ನಿಲ್ಲಿಸಿದ ದಿನವೇ ಈ ಮನುಷ್ಯನ ಸಹವಾಸ ಬಿಡಬೇಕಿತ್ತೆಂದು ಪ್ರತಿ ಬಕೆಟ್ಟಿಗೂ ಅಂದುಕೊಂಡೆ. ಫಜಲುಲ್ಲಾ, “ಮೇಷ್ಟ್ರೇ, ನಾವು ಗದ್ದೆಗೆ ನೀರು ಹೊತ್ತಿದ್ರೆ ಇಷ್ಟು ಹೊತ್ತಿಗೆ ಒಂದು ಬೆಳೆ ಬರ್ತಿತ್ತು” ಎಂದರು.

ಹತ್ತೂವರೆಗೆ ಹದಿನೆಂಟು. ಹನ್ನೊಂದೂವರೆಗೆ ಒಂಬತ್ತು. ಹನ್ನೆರಡೂ ಮುಕ್ಕಾಲಿಗೆ ಮುಳ್ಳು ನಾಲ್ಕೂವರೆಯ ಹತ್ತಿರ ಬಂದು ನಿಂತಿತು. ರೇಣುಕಪ್ರಸಾದರು ಮೂರು ಸಲ ತಿರುಗಿಸಿ ನೋಡಿದರು. ಹೊರಗಿನಿಂದ ಕರೆಸಿದ ಇಂಜಿನಿಯರು ತನ್ನ ಹೊಸ ಮೀಟರಿನಲ್ಲಿ ನೋಡಿ, ಅದೇ ಲೆಕ್ಕ ಹೇಳಿ, ಒಳಗಿನ ಪ್ಲಗ್ಗುಗಳನ್ನೂ ಪರೀಕ್ಷಿಸಿ ಹೂಂ ಎಂದರು.

ಎರಡು ಗಂಟೆಗೆ ತುಂಗಮ್ಮನನ್ನು ಒಳಗೆ ಕರೆದೊಯ್ದರು. ಮೂರೂಕಾಲಿಗೆ ಡಾಕ್ಟರ್ ನಿಖಿತಾ ಹೊರಗೆ ಬಂದು, ಚೀಲ ಪೂರ್ತಿ ಬಿಟ್ಟಿದೆ, ಮಲಗಿದ್ದಾಗ ಕೈಯನ್ನು ಕಿವಿಯ ತನಕ ತಂದು ನೋಡಿದೆ ಎಂದರು. ರೇಣುಕಪ್ರಸಾದರು ಕೇಳಿದ್ದು ಒಂದೇ.

“ಟಿವಿ ಪರದೆ ಸ್ವಚ್ಛ ಇತ್ತಾ ಮೇಡಂ? ಅರ್ತ್ ಸರಿಯಾದ್ಮೇಲೆ ಗೆರೆ ಬರಬಾರ್ದು.”

“ಎರಡು ವಾರದಿಂದ ಗೆರೆ ಬರ್ತಿತ್ತು. ಇವತ್ತೂ ಬಂತು. ಅದು ಕೇಬಲ್ಲಿನ ದೋಷ, ಬೇರೆ ತರಿಸಿದ್ದೀವಿ,” ಎಂದು ಆಕೆ ಕುರ್ಚಿಯಲ್ಲಿ ಕುಸಿದು ಕುಳಿತರು. “ಈಗ ನಾನು ಹೇಳೋದು ಕೇಳಿ ಸರ್. ನಾನು ಬಿಡಿಸಿ ಕೊಟ್ಟಿದ್ದೀನಿ ಅಷ್ಟೆ. ನಾಳೆಯಿಂದ ಆ ಕೈ ಆಡ್ಲೇಬೇಕು, ನೋವಾದ್ರೂ. ದಿನಕ್ಕೆ ಐದು ಸಲ. ಪಾಪ ಅಂತ ಸುಮ್ಮನೆ ಬಿಟ್ರೆ ಮತ್ತೆ ಕಟ್ಕೊಳ್ತದೆ. ನಿಮ್ಮ ಗುಂಡಿ ಒಣಗಿದ ಹಾಗೆ.”

ಆ ಕಡೆಯ ಮಾತನ್ನು ಆಕೆ ಹೇಳಬಾರದಿತ್ತು. ತುಂಗಮ್ಮ ಇಂದಿಗೂ ಅದಕ್ಕಾಗಿ ವೈದ್ಯೆಯನ್ನು ಬೈಯುತ್ತಾರೆ.

ಅಂಗಡಿಯ ಗೋಡೆಯ ಮೇಲೆ ನೆಲದಿಂದ ಮೇಲಕ್ಕೆ ಅಳತೆಪಟ್ಟಿಯಂತೆ ಗೆರೆಗಳು ಬಿದ್ದವು. ಬೆಳಿಗ್ಗೆ ಏಳು, ಹತ್ತು, ಒಂದು, ನಾಲ್ಕು, ಏಳು. ಗಂಟೆ ಬಡಿಯುವ ಮೊದಲೇ ರೇಣುಕಪ್ರಸಾದರು ಸೀಮೆಸುಣ್ಣ ಹಿಡಿದು ಸಿದ್ಧ. ತುಂಗಮ್ಮ ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಮೇಲಕ್ಕೆ ನಡೆಸಬೇಕು. ಮುಟ್ಟಿದ ಕಡೆ ಗಂಡ ಗೆರೆ ಎಳೆದು ದಿನಾಂಕ ಬರೆಯಬೇಕು. ಮೊದಲ ವಾರ ಆಕೆ ಅಳುತ್ತಲೇ ಏರಿಸಿದರು. ಗಿರಾಕಿಗಳು ಮೋಟಾರು ಹಿಡಿದುಕೊಂಡು ಕಾಯುತ್ತಿದ್ದರು. “ಅರ್ಧ ಇಂಚು ಕಡಿಮೆ ಆಯ್ತು ತುಂಗ, ನಿನ್ನೆ ಇಲ್ಲಿತ್ತು” ಎಂದು ಇವರು. “ನಿಮ್ಮ ತಲೆ ಮೇಲೆ ಎಳೀರಿ ಆ ಗೆರೆನ” ಎಂದು ಆಕೆ. ನಾನು ಎದುರಿನ ಬೆಂಚಿನಲ್ಲಿ ಕುಳಿತು, ಹನ್ನೆರಡು ತಿಂಗಳು ಅಳೆಯದ ಮನುಷ್ಯ ಈಗ ಅಳೆಯುವುದನ್ನು ನೋಡುತ್ತಿದ್ದೆ. ಐದನೆಯ ತಿಂಗಳಲ್ಲಿ ಗೆರೆ ಚಾವಣಿಯ ಅಡ್ಡತೊಲೆಯ ಸಮಕ್ಕೆ ಬಂತು. ಚಕ್ರ ಮತ್ತೆ ತಿರುಗಿತು. ಮೊದಲ ಮೋಟಾರಿಗೆ ಎಂಟು ಸುತ್ತು ಹೆಚ್ಚಾಗಿತ್ತು. ತುಂಗಮ್ಮ ಬಿಚ್ಚಿ ಪುನಃ ಸುತ್ತಿದರು.

ಈಗ ರೇಣುಕಪ್ರಸಾದರಿಗೆ ಅರವತ್ತಮೂರು. ಆಸ್ಪತ್ರೆಯವರು ಹೊಸ ಗುಂಡಿಯೊಂದನ್ನು ಬಯಲಿನಲ್ಲಿ ತೋಡಿಸಿದ್ದಾರೆ, ಗಿರಿಗೆ ಬುದ್ಧಿಯೂ ಹೇಳಿದ್ದಾರೆ. ಆದರೂ ಸಜ್ಜಾದ ಕೆಳಗಿನ ಹಳೆಯ ಗುಂಡಿಯನ್ನು ಬೇರೆಯವರಿಗೆ ಒಪ್ಪಿಸಲು ಇವರು ತಯಾರಿಲ್ಲ. ತಿಂಗಳಿಗೆರಡು ಶನಿವಾರ ಬಸ್ಸು ಹತ್ತಿ ಹೋಗುತ್ತಾರೆ. ಯಾರೂ ಕರೆದಿಲ್ಲ, ಎಂದಿನಂತೆ.

ಮೊನ್ನೆ ಶನಿವಾರ ನನ್ನನ್ನೂ ಎಳೆದುಕೊಂಡು ಹೋದರು. ಜುಲೈ ತಿಂಗಳು, ಜಡಿಮಳೆ. ಆಸ್ಪತ್ರೆಯ ಕಿಟಕಿಗಳಲ್ಲಿ ರೋಗಿಗಳು ಸಾಲಾಗಿ ನಿಂತು ನೋಡುತ್ತಿದ್ದರು. ಅಂಥ ಮಳೆಯಲ್ಲಿ ಒಬ್ಬ ಮುದುಕ ನಲ್ಲಿಯಿಂದ ಬಕೆಟ್ಟು ತುಂಬಿ ಹೊತ್ತು ತಂದು ನೆಲಕ್ಕೆ ನೀರು ಹೊಯ್ಯುತ್ತಿದ್ದ. ನನಗೆ ತಲೆ ಎತ್ತಲಾಗಲಿಲ್ಲ.

“ಸಾಕು ಬನ್ನಿ ಮಾರಾಯ್ರೇ, ಬಸ್ಸು ತಪ್ತದೆ” ಎಂದೆ.

“ಇನ್ನೊಂದೇ ಬಕೆಟ್ಟು” ಎಂದರು, ತಿರುಗಿಯೂ ನೋಡದೆ.

ಅವರ ಹಿಂದೆ ತುಂಗಮ್ಮ ಬೈಯುತ್ತ ನಡೆಯುತ್ತಿದ್ದರು, ನಲ್ಲಿಯಿಂದ ಗುಂಡಿಗೆ, ಗುಂಡಿಯಿಂದ ನಲ್ಲಿಗೆ, ಗಂಡನ ತಲೆ ನೆನೆಯದಂತೆ ದೊಡ್ಡ ಕರಿ ಕೊಡೆಯನ್ನು ಬಲಗೈಯಲ್ಲಿ ಎತ್ತಿ ಹಿಡಿದು.